ಯಾರ ಮನಿ ಪಾಯಲಿ?

ಕಳೆದ ಶನಿವಾರ ಭಾಲ್ಕಿಯಲ್ಲಿ ಒಂದು ಪರೀಕ್ಷೆ ಬರೆದು ಬಂದೆ. ನನಗೀಗ ಎಂಬತ್ತನಾಲ್ಕು. ನಗಬೇಡಿ. ಪೆನ್ನು ಹಿಡಿದ ಕೈ ಒಂದಿಷ್ಟೂ ನಡುಗಲಿಲ್ಲ.

ಹೋದದ್ದು ಪರೀಕ್ಷೆಗಲ್ಲ, ಕಣ್ಣಿನ ಡಾಕ್ಟರ ಹತ್ತಿರ. ನನ್ನನ್ನು ಕರೆದುಕೊಂಡು ಹೋಗಬೇಕಾದ ಮೊಮ್ಮಗಳು ಸುಮಾ, ಹಲಬರ್ಗಾ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳಿಗೆ ಅದೇ ದಿನ ಭಾಲ್ಕಿಯಲ್ಲಿ ಟ್ರೈನಿಂಗ್ ಇತ್ತು. ಡಾಕ್ಟರು ಸಿಗುವುದು ಸಂಜೆ ಐದಕ್ಕೆ. ಹಾಗಾಗಿ ಮುಂಜಾನೆ ಹತ್ತರಿಂದ ನಾಲ್ಕೂವರೆಯವರೆಗೆ ನಾನು ಟ್ರೈನಿಂಗ್ ಹಾಲಿನ ಕೊನೆಯ ಬೆಂಚಿನಲ್ಲಿ ಕುಳಿತೆ.

"ಅಜ್ಜಿ, ನೀ ಸುಮ್ಮ ಕೂಡಬೇಕು ನೋಡು. ನಡುವ ಬಾಯಿ ಹಾಕಬ್ಯಾಡ" ಎಂದು ಸುಮಾ ಬಸ್ಸಿನಲ್ಲೇ ಹೇಳಿದ್ದಳು. (ಈ ಅಂಕಣ ಓದುವವರಿಗೆ ನನ್ನ ಬಾಯಿಯ ಪರಿಚಯವಿದೆ. ಅವಳಿಗೂ ಇದೆ.)

ಟ್ರೈನಿಂಗ್ ಕೊಡಲು ಬಂದವನು ಒಬ್ಬ ಹುಡುಗ. ಹುಡುಗ ಎಂದರೆ ಮೂವತ್ತೈದರ ಆಸುಪಾಸು. ನನಗೆ ಈಗ ಎಲ್ಲರೂ ಹುಡುಗರೇ. ಗೋಡೆಯ ಮೇಲೆ ಸ್ಲೈಡ್ ಬಿತ್ತು. ದೊಡ್ಡ ಅಕ್ಷರದಲ್ಲಿ 'ಸಂರಚನಾವಾದ' ಎಂದಿತ್ತು. ಜ್ಞಾನವನ್ನು ಮಗುವಿನ ತಲೆಗೆ ತುಂಬಲು ಬರುವುದಿಲ್ಲ, ಮಗು ತನ್ನ ಅನುಭವದಿಂದ ತಾನೇ ಕಟ್ಟಿಕೊಳ್ಳುತ್ತದೆ ಎಂದು ವಿವರಿಸಿದ. ಟೀಚರ್ ಉತ್ತರ ಹೇಳಬಾರದಂತೆ, ಪ್ರಶ್ನೆ ಕೇಳಬೇಕಂತೆ. ಮಕ್ಕಳು ಕೈಯಾರೆ ಮಾಡಿ ನೋಡಬೇಕು, ಒಬ್ಬರ ಜೊತೆ ಒಬ್ಬರು ವಾದ ಮಾಡಬೇಕು, ತಪ್ಪನ್ನೂ ಮಾಡಬೇಕು.

ಒಳ್ಳೆಯ ಮಾತು. ಒಂದಕ್ಷರ ತೆಗೆದುಹಾಕುವಂತಿಲ್ಲ. ಆದರೆ ಟೀಚರ್ ಹೇಳಬಾರದು ಎಂಬುದನ್ನು ಆ ಹುಡುಗ ಊಟದ ಬಿಡುವು ಬಿಟ್ಟು ದಿನವಿಡೀ ಹೇಳಿದ. ಪಾಪ, ಪ್ರೀತಿಯಿಂದಲೇ ಹೇಳಿದ. ನಡುನಡುವೆ ನನಗೆ ನೀರು ಬೇಕೇ ಎಂದೂ ಕೇಳಿದ. ನಲವತ್ತು ಮಂದಿ ಟೀಚರುಗಳು ತಲೆಬಗ್ಗಿಸಿ ನೋಟ್ಸ್ ಬರೆದುಕೊಂಡರು.

"ಇದು ಶಿಕ್ಷಣದಲ್ಲಿ ಹೊಸ ಅಲೆ" ಎಂದ. ನಾನು ಬಾಯಿ ಬಿಡಲಿಲ್ಲ, ಸುಮಾಳ ಆಣೆ. ಆದರೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಈ ಹೊಸ ಅಲೆಯಲ್ಲಿ ನಾನು ಎಪ್ಪತ್ತೈದು ವರ್ಷದ ಹಿಂದೆಯೇ ತೋಯ್ದವಳು. ಔರಾದ ತಾಲ್ಲೂಕಿನ ಒಂದು ಹಳ್ಳಿಯ ಚಾವಡಿಯಲ್ಲಿ, ಉಸುಕಿನ ಗುಡ್ಡೆಯ ಮುಂದೆ ಕುಳಿತು. ಕಲಿಸಿದ ಮಾಸ್ತರರಿಗೆ ಸಂರಚನಾವಾದ ಎಂಬ ಪದ ಗೊತ್ತಿರಲಿಲ್ಲ. ಆ ಪದ ಹಾಗಿರಲಿ, ಅವರಿಗೆ ಕನ್ನಡವೇ ಸರಿಯಾಗಿ ಬರುತ್ತಿರಲಿಲ್ಲ.

ನಮ್ಮೂರು ಠಾಣಾ ಕುಶನೂರಿನಿಂದ ಎರಡು ಹರದಾರಿ. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ ಒಂದು ವರ್ಷವಾಗಿತ್ತು. ನನಗೆ ಒಂಬತ್ತು ವರ್ಷ. ಮೊದಲು ರಜಾಕಾರರ ಭಯಕ್ಕೆ ನಾವು ಊರು ಬಿಟ್ಟು ಓಡಿದ್ದೆವು. ಆಮೇಲೆ ನಾವು ವಾಪಸ್ ಬಂದೆವು, ಊರಿನ ಮುಸ್ಲಿಂ ಮನೆಗಳವರು ಓಡಿದರು. ಆ ದಿನಗಳಲ್ಲಿ ಏನೇನಾಯಿತು ಎಂದು ದೊಡ್ಡವರು ಮಕ್ಕಳ ಮುಂದೆ ಮಾತಾಡುತ್ತಿರಲಿಲ್ಲ. ನಾವು ಹೋದರೆ ಮಾತು ನಿಲ್ಲುತ್ತಿತ್ತು.

ಶಾಲೆಗೂ ಬೀಗ ಬಿದ್ದಿತ್ತು. ಅಲ್ಲಿ ಕಲಿಸುತ್ತಿದ್ದ ಗಫಾರ್ ಮಾಸ್ತರು ಬೀದರಿನ ತಮ್ಮ ಮನೆಗೆ ಹೋಗಿದ್ದರು. ಅವರ ಅಣ್ಣತಮ್ಮಂದಿರು ಹೈದರಾಬಾದಿಗೆ ಹೊರಟರು, ಇವರನ್ನೂ ಕರೆದರು. ಇವರು ಹೋಗಲಿಲ್ಲ. ಒಂದು ದಿನ ಮುಂಜಾನೆ ಕೈಯಲ್ಲೊಂದು ಕೊಡೆ, ತಲೆಯ ಮೇಲೊಂದು ಟ್ರಂಕು ಹೊತ್ತು ನಮ್ಮೂರ ಚಾವಡಿಗೆ ನಡೆದು ಬಂದರು. ಯಾಕೆ ಬಂದಿರಿ ಮಾಸ್ತರೇ ಎಂದು ಯಾರೋ ಕೇಳಿದ್ದಕ್ಕೆ "ಸಾಲಿ ಚಾಲೂ ಮಾಡಬೇಕಲ್ರಿ" ಎಂದರಂತೆ. ಅಷ್ಟೇ. ಆಮೇಲೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕೂಡಿಸಿದರು. ಹುಡುಗಿಯರು ನಾವಿಬ್ಬರು, ನಾನು ಮತ್ತು ಕಾಶಮ್ಮ.

ಶಾಲೆ ಚಾಲೂ ಆಯಿತು. ಆದರೆ ಅಷ್ಟರಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಉರ್ದುವಿನಲ್ಲಿ ಕಲಿಸುತ್ತಿದ್ದವರು ಇನ್ನು ಕನ್ನಡದಲ್ಲಿ ಕಲಿಸಬೇಕು, ಕನ್ನಡ ಪರೀಕ್ಷೆ ಪಾಸಾಗಬೇಕು, ಆಗದಿದ್ದರೆ ನೌಕರಿ ಬಿಡಬೇಕು ಎಂದು ಸರ್ಕಾರದವರು ಮಾಸ್ತರರಿಗೆ ಹೇಳಿದ್ದರು. ಅವರಿಗೆ ಬೀದರಿನಲ್ಲಿ ಚೌಬಾರಾ ಹತ್ತಿರ ಒಂದು ಕೋಣೆಯ ಮನೆ, ಅದರಲ್ಲಿ ಹೆಂಡತಿ ಮತ್ತು ಕಣ್ಣು ಕಾಣದ ತಾಯಿ. ಈ ಸೀಮೆಯಲ್ಲಿ ಉಳಿಯುವುದೋ ಗಂಟುಮೂಟೆ ಕಟ್ಟುವುದೋ ಎಂಬುದೆಲ್ಲ ಆ ನೌಕರಿಯ ಮೇಲೆ ನಿಂತಿತ್ತು.

ಅವರಿಗೆ ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ ಎಂದಲ್ಲ. ಸಂತೆಯ ಕನ್ನಡ ಬರುತ್ತಿತ್ತು. ಬದನೆಕಾಯಿ ಕೊಳ್ಳುವಷ್ಟು, ಕೊತ್ತಂಬರಿ ಚೌಕಾಸಿ ಮಾಡುವಷ್ಟು.

ಈಗ ಸ್ವಲ್ಪ ಯೋಚಿಸಿ. ಸಂತೆಯ ಕನ್ನಡದಲ್ಲಿ ಏನಿರುತ್ತದೆ? ಬರೀ ಪ್ರಶ್ನೆ! ಇದು ಏನು? ಎಷ್ಟು? ಯಾಕ ಅಷ್ಟು? ತೋರ್ಸು. ಮತ್ತೊಂದು ತೋರ್ಸು. ಈ ಐದು ಮಾತಿನ ಬಂಡವಾಳದಲ್ಲಿ ಗಫಾರ್ ಮಾಸ್ತರು ನಮಗೆ ಗಣಿತ, ಭೂಗೋಳ ಎಲ್ಲ ಕಲಿಸಿದರು.

ನಾನು ಎದ್ದು ನಿಂತು "ಐದಾರಲೆ ಮೂವತ್ತು" ಎನ್ನುತ್ತಿದ್ದೆ. ಬೇರೆ ಮಾಸ್ತರಾದರೆ ಶಾಬಾಸ್ ಎಂದು ಕೂರಿಸುತ್ತಿದ್ದರು. ಇವರು ತರಕಾರಿಯವಳನ್ನು ಕೇಳುವ ಧ್ವನಿಯಲ್ಲೇ ಕೇಳುತ್ತಿದ್ದರು.

"ಯಾಕ ಅಷ್ಟು? ಕಮ್ಮಿ ಆಗಂಗಿಲ್ಲೇನು?"

"ಆಗಂಗಿಲ್ರಿ ಮಾಸ್ತರ."

"ತೋರ್ಸು."

ಆಮೇಲೆ ಹುಣಸೆ ಬೀಜ ತಂದು ಗುಂಪು ಗುಂಪಾಗಿ ಇಟ್ಟು, ಮೂವತ್ತಕ್ಕೆ ಒಂದೂ ಕಮ್ಮಿಯಾಗುವುದಿಲ್ಲ ಎಂದು ನಾವು ಅವರ ಜೊತೆ ಜಗಳಕ್ಕೆ ನಿಲ್ಲಬೇಕು. ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಎಂದರೆ "ತೋರ್ಸು" ಎಂದು ಮುಂಜಾನೆಯೇ ಹೊರಗೆ ಕರೆದೊಯ್ದರು. ಯಾವ ಮರದ ಹಿಂದಿನಿಂದ ಬಂದ ಎಂದು ಗುರುತಿಟ್ಟೆವು. ಎರಡು ತಿಂಗಳ ಮೇಲೆ ನೋಡಿದರೆ ಸೂರ್ಯ ಬೇರೆ ಮರದ ಹಿಂದಿನಿಂದ ಬರುತ್ತಿದ್ದಾನೆ! ಮರ ಸರಿಯಿತೋ ಸೂರ್ಯ ಸರಿದನೋ ಎಂದು ಚಾವಡಿಯಲ್ಲಿ ಎರಡು ದಿನ ಗದ್ದಲ. ಮಾಸ್ತರು ಉತ್ತರ ಹೇಳಲಿಲ್ಲ. ಹೇಳಬೇಕೆಂದರೂ ಅವರ ಹತ್ತಿರ ಅಷ್ಟು ಕನ್ನಡ ಇರಲಿಲ್ಲ.

ಕ್ಲಾಸಿನಲ್ಲಿ ಕನ್ನಡ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಅದರ ಸೊಕ್ಕೂ ನನಗಿತ್ತು. ನಮ್ಮಪ್ಪ ಊರಿನ ಪಾಟೀಲ. ಶಾಲೆಯಲ್ಲಿ ಉರ್ದು ನಡೆಯುತ್ತಿದ್ದ ಕಾಲದಲ್ಲೇ ಅವನು ಮನೆಯ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹರವಿ, ನನ್ನ ಬೆರಳು ಹಿಡಿದು ಅಆಇಈ ತೀಡಿಸಿದ್ದ. ಹೆಣ್ಣುಮಗಳಿಗೆ ಯಾಕೆ ಎಂದವರಿಗೆ "ನನ್ನ ಮಗಳು, ನನ್ನ ಜ್ವಾಳ. ನಿಮಗೇನು?" ಎನ್ನುತ್ತಿದ್ದ. ಅಂಥ ಅಪ್ಪ. ನನಗೆ ಅವನೆಂದರೆ ಜೀವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದನ್ನು ಓದಿ ನೀವು ಅವನನ್ನು ಬರೀ ಕೆಟ್ಟವನೆಂದು ತಿಳಿಯಬಾರದು.

ಒಂದು ದಿನ ಹೊಸ ಗಣಿತದ ಪುಸ್ತಕ ಬಂತು. ಮಾಸ್ತರು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ. "ನಾಲ್ಕು ಸೇರಿಗೆ ಒಂದು ಪಾಯಲಿ."

(ಈಗಿನವರಿಗೆ ಪಾಯಲಿ ಗೊತ್ತಿಲ್ಲ. ಕಿಲೋ ಬರುವ ಮುಂಚೆ ನಮ್ಮ ಕಡೆ ಜೋಳ, ತೊಗರಿ ಎಲ್ಲ ಅಳೆಯುತ್ತಿದ್ದ ಮಾಪು. ನೋಡಲು ಬಾಯಿ ಅಗಲವಾದ ದೊಡ್ಡ ಡಬ್ಬಿ. ಕೂಲಿಯನ್ನೂ ಅದರಲ್ಲೇ ಅಳೆದು ಹಾಕುತ್ತಿದ್ದರು.)

"ನಾಲ್ಕು? ಯಾಕ ಅಷ್ಟು?" ಎಂದರು ಮಾಸ್ತರು. "ನಾಳೆ ಎಲ್ಲಾರು ಮನ್ಯಾಗಿಂದ ತರ್ರಿ. ತೋರ್ಸ್ರಿ."

ಮರುದಿನ ಚಾವಡಿಯಲ್ಲಿ ಪಾಯಲಿಗಳ ಸಂತೆಯೇ ನೆರೆಯಿತು. ಕಬ್ಬಿಣದ್ದು, ಕಟ್ಟಿಗೆಯದು, ಬಾಯಿ ಸೊಟ್ಟಾದದ್ದು. ನಾನು ನಮ್ಮ ಮನೆಯ ಹಿತ್ತಾಳೆ ಪಟ್ಟಿ ಬಡಿದ ಪಾಯಲಿಯನ್ನು ಬಾಗಿಲ ಹಿಂದಿನಿಂದ ಎತ್ತಿಕೊಂಡು, ಯಾರನ್ನೂ ಕೇಳದೆ, ಮೆರವಣಿಗೆ ಹೊರಟವಳಂತೆ ಸೊಂಟದ ಮೇಲಿಟ್ಟುಕೊಂಡು ಹೋದೆ. ಕಾಶಮ್ಮ ಒಂದು ಸೇರು ತಂದಿದ್ದಳು. ಅವಳ ಅಜ್ಜ ಭಾಲ್ಕಿ ಬಾಜಾರದಲ್ಲಿ ಕೊಂಡದ್ದು, ಸರ್ಕಾರದ ಮೊಹರು ಬಿದ್ದದ್ದು. ಅವರ ಮನೆಯಲ್ಲಿ ಅಳೆಯಲು ಕಾಳಿರುತ್ತಿದ್ದುದು ಅಪರೂಪ. ಆದರೆ ಸೇರು ಥಳಥಳ ಹೊಳೆಯುತ್ತಿತ್ತು.

ಹಳ್ಳದ ಉಸುಕು ತಂದು ಅಳೆಯಲು ಕುಳಿತೆವು. ಕಾಶಮ್ಮನ ಸೇರು ಒಂದೊಂದೇ ಪಾಯಲಿಗೆ ಬಿತ್ತು. ಒಂದಕ್ಕೆ ನಾಲ್ಕು ಸೇರು ಸರಿಯಾಯಿತು. ಒಂದಕ್ಕೆ ನಾಲ್ಕಾಗಿ ಒಂದು ಹಿಡಿ ಹೆಚ್ಚು ಹಿಡಿಯಿತು. ಇನ್ನೊಂದಕ್ಕೆ ಒಂದು ಹಿಡಿ ಕಮ್ಮಿ. ಪುಸ್ತಕ ಹೇಳಿದಂತೆ ಎಲ್ಲವೂ ನಿಲ್ಲುತ್ತಿಲ್ಲ ಎಂದು ನಮಗೆಲ್ಲ ಖುಷಿಯೋ ಖುಷಿ.

ನಮ್ಮ ಪಾಯಲಿಯ ಸರದಿ ಬಂತು. ಮೂರೂವರೆ ಸೇರಿಗೇ ತುಂಬಿ ಉಸುಕು ಹೊರಗೆ ಚೆಲ್ಲಿತು.

ಮತ್ತೆ ಅಳೆದೆವು. ಮೂರೂವರೆ. ಕಾಶಮ್ಮ ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿದಳು. ತಳ ಎರಡು ಬೆರಳು ದಪ್ಪ ಇತ್ತು.

"ಯಾಕ ಅಷ್ಟು?" ಎಂದರು ಮಾಸ್ತರು, ರೂಢಿಯಂತೆ.

ಕಾಶಮ್ಮ ಹೇಳಿದಳು. "ನಮ್ಮವ್ವ ದಿನಾ ಅಂತಾಳ್ರಿ ಮಾಸ್ತರ. ಪಾಟೀಲರ ಮನ್ಯಾಗ ಒಂದು ಪಾಯಲಿ ಹಾಕ್ತಾರ, ನಮ್ಮ ಮನಿಗಿ ಬರೂತನಕ ಕಮ್ಮಿ ಆಗ್ತದ ಅಂತ. ನಮ್ಮ ಪುಟ್ಟಿ ಸೋರ್ತದ ಅಂತ ತಿಳ್ಕೊಂಡು ದಿನಾ ಸಗಣಿ ಬಳಿತಾಳ್ರಿ."

ಕಾಶಮ್ಮನ ಅವ್ವ ನಮ್ಮ ಹೊಲದಲ್ಲೇ ಕೂಲಿ ಮಾಡುತ್ತಿದ್ದವಳು. ಸಂಜೆ ಬಿದಿರಿನ ಪುಟ್ಟಿ ಹೊತ್ತು ನಮ್ಮ ಅಂಗಳದಲ್ಲಿ ನಿಲ್ಲುವುದನ್ನು ನಾನೇ ನೋಡಿದ್ದೆ. ಆ ಪುಟ್ಟಿಗೆ ಸಗಣಿ ಬಳಿದೂ ಬಳಿದೂ ಅದು ಮಣ್ಣಿನ ಗಡಿಗೆಯಷ್ಟು ಭಾರವಾಗಿತ್ತು.

ಮಾಸ್ತರರ ಮುಖ ಬಿಳಿಚಿಕೊಂಡಿತು. ಅವರಿಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ನಮಗೆ ತಿಳಿಯದ ಇನ್ನೊಂದೂ ತಿಳಿಯಿತು. ಊರಿಗೆ ಈಗ ತಾನೇ ವಾಪಸ್ ಬಂದ ಗಫಾರ್ ಮಾಸ್ತರು, ಪಾಟೀಲರ ಪಾಯಲಿ ಸಣ್ಣದು ಎಂದು ಮಕ್ಕಳಿಂದ ಅಳೆಸಿದರೆ ಏನಾದೀತು? "ಬಸ್, ಬಸ್. ಛುಟ್ಟಿ. ಮನಿಗಿ ಹೋಗ್ರಿ" ಎಂದರು. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

ಮನೆಗೆ ಬಂದವಳೇ ಅಜ್ಜಿಯನ್ನು ಕೇಳಿದೆ. "ನಮ್ಮ ಪಾಯಲಿ ಯಾಕ ಸಣ್ಣದದ?"

ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ, ಒಂದಿಷ್ಟೂ ಗಾಬರಿಯಾಗದೆ ಹೇಳಿದಳು. "ನೀ ಒಯ್ದದ್ದು ಕೊಡೋ ಪಾಯಲಿ. ತಗೋಳೋ ಪಾಯಲಿ ಅಟ್ಟದ ಮ್ಯಾಲ ಅದ. ನನಗ ಕೇಳಿ ಒಯ್ಯಬಾರದೇನು?"

ಕೊಡೋದು ಒಂದು, ತಗೋಳೋದು ಒಂದು! ಅಜ್ಜಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಮನೆಯಲ್ಲಿ ಹಬ್ಬದ ಸೀರೆ ಬೇರೆ, ದಿನದ ಸೀರೆ ಬೇರೆ ಇರುವುದಿಲ್ಲವೇ, ಹಾಗೆ ಅವಳಿಗೆ.

ಸುದ್ದಿ ನಿಲ್ಲುತ್ತದೆಯೇ? ಎರಡು ದಿನದಲ್ಲಿ ಊರೆಲ್ಲ ಆಯಿತು. ಯಾರೂ ಅಪ್ಪನೆದುರು ಬಾಯಿ ಬಿಡಲಿಲ್ಲ, ಆದರೆ ಕೂಲಿ ಅಳೆಯುವಾಗ ಹೆಣ್ಣುಮಕ್ಕಳು ಪಾಯಲಿಯ ತಳ ನೋಡತೊಡಗಿದರು. ಅಪ್ಪ ನನ್ನನ್ನು ಬೈಯಲಿಲ್ಲ. ಬೀದರಿಗೆ ಹೋಗಿ ಶಾಲೆಗಳ ಇನ್ಸ್‌ಪೆಕ್ಟರಿಗೆ ಅರ್ಜಿ ಕೊಟ್ಟು ಬಂದ. ಮಾಸ್ತರಿಗೆ ಕನ್ನಡ ಬರುವುದಿಲ್ಲ, ಮಕ್ಕಳ ಕೈಯಲ್ಲಿ ಉಸುಕಿನಾಟ ಆಡಿಸುತ್ತಾನೆ ಎಂದು. ಎರಡೂ ನಿಜವೇ ಅಲ್ಲವೇ? ಅರ್ಜಿಯಲ್ಲಿ ಒಂದೂ ಸುಳ್ಳಿರಲಿಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಬಂದೇ ಬಂದರು. ಧಾರವಾಡದ ಕಡೆಯವರು, ಹೊಸದಾಗಿ ಬೀದರಿಗೆ ಬಂದವರು. ಔರಾದಿನವರೆಗೆ ಬಸ್ಸು, ಅಲ್ಲಿಂದ ನಮ್ಮದೇ ಬಂಡಿ. ಊಟ ನಮ್ಮ ಮನೆಯಲ್ಲಿ, ಹೂರಣದ ಹೋಳಿಗೆ. ಅವ್ವ ಬಡಿಸುವಾಗ ಅಪ್ಪ ನಗುನಗುತ್ತಲೇ ಇದ್ದ. ನಾನು ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ಊಟದ ಮುಂಚೆ ನಾನು ಚಾವಡಿಗೆ ಹೋಗಿ ಬಂದಿದ್ದೆ. ಆ ಬಿಸಿಲಲ್ಲೂ ಮಾಸ್ತರು ಕುತ್ತಿಗೆಯವರೆಗೆ ಗುಂಡಿ ಹಾಕಿದ ಶೇರ್ವಾನಿ ತೊಟ್ಟಿದ್ದರು. ಟ್ರಂಕು ಮೂಲೆಯಲ್ಲಿ ಕಟ್ಟಿಟ್ಟಂತೆ ಇತ್ತು. ನಮ್ಮನ್ನೆಲ್ಲ ಹತ್ತಿರ ಕರೆದು, ಕನ್ನಡ ಸಾಲದೆ ತಮ್ಮ ಮಾತಿನಲ್ಲೇ ಬೇಡಿಕೊಂಡರು. "ಬಚ್ಚೋ, ಸಾಹೇಬ್ ಪೂಛೇ ತೋ ಚಾರ್ ಬೋಲ್ನಾ. ನಾಲ್ಕು. ಪಾಯಲಿಗೆ ಬರೀ ನಾಲ್ಕು." ಬಲಗೈಯ ನಾಲ್ಕು ಬೆರಳು ಎತ್ತಿ ತೋರಿಸಿದರು. ನಾವೆಲ್ಲ ತಲೆಯಾಡಿಸಿದೆವು. ಎಂದೂ ಉತ್ತರ ಹೇಳದ ಮಾಸ್ತರು ಅಂದು ಹೇಳಿಕೊಟ್ಟ ಉತ್ತರ ಅದೊಂದೇ.

ಸಾಹೇಬರು ಕುರ್ಚಿಯಲ್ಲಿ ಕುಳಿತರು. ಪಕ್ಕದ ಕುರ್ಚಿಯಲ್ಲಿ ಅಪ್ಪ. ಮೇಜಿನ ಮೇಲೆ ಭೇಟಿ ಪುಸ್ತಕ. ಅದರಲ್ಲಿ ಅವರು ಬರೆಯುವ ಎರಡು ಸಾಲಿನ ಮೇಲೆ ಮಾಸ್ತರರ ನೌಕರಿ. ಸಾಹೇಬರು ಗಣಿತದ ಪುಸ್ತಕ ತಿರುವಿ ಹಾಕಿ, ಪಾಟೀಲರ ಮಗಳೆಂದು ನನ್ನನ್ನೇ ಎಬ್ಬಿಸಿದರು.

"ಒಂದು ಪಾಯಲಿಗೆ ಎಷ್ಟು ಸೇರು, ತಂಗಿ?"

ನಾಲ್ಕು ಎಂದುಬಿಟ್ಟರೆ ಮುಗಿಯಿತು. ಮಾಸ್ತರು ಉಳಿದರು, ಅಪ್ಪನೂ ಉಳಿದ. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಕಾಶಮ್ಮ, ಯಾವ ದುರುದ್ದೇಶವೂ ಇಲ್ಲದೆ, ದಿನವೂ ಮಾಡುವಂತೆ ಕೇಳಿಬಿಟ್ಟಳು.

"ಯಾರ ಮನಿ ಪಾಯಲಿರಿ?"

ಸಾಹೇಬರು ಹುಬ್ಬು ಗಂಟಿಕ್ಕಿದರು. "ಅಂದ್ರ?"

"ಒಂದೊಂದು ಮನೀದು ಒಂದೊಂದು ಥರ ಅದರಿ. ಯಾರ ಮನೀದು ಅಂತ ಹೇಳಿದ್ರ ಎಷ್ಟು ಸೇರಂತ ಹೇಳ್ತೇವ್ರಿ."

"ಇದೇನ್ರೀ ಮಾಸ್ತರ?" ಸಾಹೇಬರ ಧ್ವನಿ ಏರಿತು. "ಹುಡುಗರಿಗೆ ಕೋಷ್ಟಕ ಸುದ್ದಾ ಹೇಳಿಕೊಟ್ಟಿಲ್ಲೇನು?"

ಮಾಸ್ತರು ಎದ್ದು ನಿಂತರು. ಬೆವರು ಗಡ್ಡದಿಂದ ಶೇರ್ವಾನಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಮಾಫ್ ಮಾಡ್ರಿ ಸಾಹೇಬ್. ನನ್ನ ಹಂತ್ಯಾಕ ಹೇಳಲಾಕ ಕನ್ನಡ ಇಲ್ರಿ. ಕೇಳಲಾಕ ಅಷ್ಟೇ ಅದ. ಅದಕ್ಕ ನಾ ಕೇಳ್ತೇನಿ, ಇವ್ರು ಹೇಳ್ತಾರ."

ಇಂದಿಗೂ ಆ ಮಾತು ನನ್ನ ಕಿವಿಯಲ್ಲಿದೆ. ತನ್ನ ನೌಕರಿ ಹೋಗುವ ಹೊತ್ತಿನಲ್ಲಿ ಒಬ್ಬ ಮಾಸ್ತರು ತನ್ನ ತಪ್ಪೊಪ್ಪಿಗೆ ಎಂದು ಹೇಳಿದ ಮಾತು. ಭಾಲ್ಕಿಯ ಗೋಡೆಯ ಮೇಲೆ ಮೊನ್ನೆ ಅದನ್ನೇ ಸ್ಲೈಡ್ ಮಾಡಿ ತೋರಿಸಿದರು.

ಅಪ್ಪ ಮೆಲ್ಲಗೆ "ನಾ ಹೇಳಿದ್ದೆನಲ್ರಿ ಸಾಹೇಬ್ರ" ಎಂದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ನಾನು ಚಾವಡಿಯಿಂದ ಇಳಿದು ಓಡಿದೆ. ನಮ್ಮ ಮನೆ ಎದುರಿನದೇ. ಅಟ್ಟ ಹತ್ತಿದೆ. ಅಜ್ಜಿ "ಎಲ್ಲಿಗಿ, ಎಲ್ಲಿಗಿ" ಎನ್ನುತ್ತಿದ್ದಳು. ಒಂದು ಪಾಯಲಿ ತಲೆಯ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು ವಾಪಸ್ ಬಂದು ಸಾಹೇಬರ ಕಾಲ ಬಳಿ ಇಟ್ಟೆ. ಎರಡಕ್ಕೂ ಒಂದೇ ಹಿತ್ತಾಳೆ ಪಟ್ಟಿ, ಒಂದೇ ಹಿಡಿಕೆ. ದೂರದಿಂದ ನೋಡಿದರೆ ಅವಳಿಜವಳಿ.

"ಇದು ನಮ್ಮ ಮನಿ ಕೊಡೋ ಪಾಯಲಿರಿ. ಮೂರೂವರಿ ಸೇರು. ಇದು ತಗೋಳೋ ಪಾಯಲಿರಿ. ಇದು ಎಷ್ಟಂತ ಇನ್ನಾ ಅಳದಿಲ್ರಿ."

ಯಾರೂ ಹೇಳದಿದ್ದರೂ ಕಾಶಮ್ಮ ಸೇರು ಹಿಡಿದು ಉಸುಕಿನ ಮುಂದೆ ಕುಳಿತಳು. ಇಡೀ ಕ್ಲಾಸು ಗಟ್ಟಿಯಾಗಿ ಎಣಿಸಿತು. ಒಂದು, ಎರಡು, ಮೂರು, ನಾಲ್ಕು. ಇನ್ನೂ ತುಂಬಿರಲಿಲ್ಲ. ಮತ್ತೆ ಅರ್ಧ ಸೇರು ಹಿಡಿಯಿತು.

ನಾನು ಅಪ್ಪನ ಮುಖ ನೋಡಲಿಲ್ಲ. ಅವನ ಕಾಲಿನ ಜೋಡುಗಳನ್ನು ಮಾತ್ರ ನೋಡುತ್ತ ನಿಂತಿದ್ದೆ. ನನಗೆ ಧೈರ್ಯ ಇತ್ತೆಂದು ಯಾರಾದರೂ ಅಂದರೆ ನಂಬಬೇಡಿ. ಮಾಸ್ತರು ಹೋಗಿಬಿಡುತ್ತಾರೆ ಎಂಬ ಅಳು ಮಾತ್ರ ಇತ್ತು.

ಸಾಹೇಬರು ಪೆನ್ನು ಹಿಡಿದುಕೊಂಡೇ ಒಮ್ಮೆ ಈ ಪಾಯಲಿ, ಒಮ್ಮೆ ಆ ಪಾಯಲಿ ನೋಡಿದರು. ನಮ್ಮ ಮನೆಯ ಹೋಳಿಗೆ ಇನ್ನೂ ಅವರ ಹೊಟ್ಟೆಯಲ್ಲಿತ್ತು, ಅದನ್ನೂ ಪಾಪ ನೋಡಬೇಕಲ್ಲ. ಕೊನೆಗೆ ಭೇಟಿ ಪುಸ್ತಕದಲ್ಲಿ ಏನೋ ಬರೆದು, ಓದು ಎಂದು ನನ್ನ ಕೈಗೇ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ. "ಮಾಸ್ತರರಿಗೆ ಕನ್ನಡ ಸಾಲದು. ಕಲಿಯಲು ಆರು ತಿಂಗಳು ಕೊಡಬಹುದು. ಮಕ್ಕಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ."

ಗಫಾರ್ ಮಾಸ್ತರರಿಗೆ ನಾನು ಓದಿದ್ದು ಪೂರ್ತಿ ತಿಳಿಯಲಿಲ್ಲ. ಪಕ್ಕದ ಹುಡುಗನನ್ನು "ಏನು? ಎಷ್ಟು?" ಎಂದು ಕೇಳಿದರು. "ಆರು ತಿಂಗಳ್ರಿ" ಎಂದ ಅವನು. ಮಾಸ್ತರು ಅಲ್ಲೇ ಕಟ್ಟೆಯ ಮೇಲೆ ಕುಳಿತು, ಶೇರ್ವಾನಿಯ ಮೇಲಿನ ಗುಂಡಿ ಬಿಚ್ಚಿದರು.

ಬಂಡಿ ಹತ್ತುವಾಗ ಸಾಹೇಬರು ಅಪ್ಪನಿಗೆ ಹೇಳಿದ್ದು ಒಂದೇ ಮಾತು. "ಪಾಟೀಲರ, ಮನಿಗೆ ಒಂದ ಪಾಯಲಿ ಸಾಕಲ್ಲ?"

ಅಪ್ಪ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನಾಲ್ಕನೆಯ ದಿನ ಮುಂಜಾನೆ ಪಡಸಾಲೆಯಲ್ಲಿ ಕುಳಿತು ನನ್ನನ್ನು ಕರೆದ. ಕೈಯಲ್ಲಿ ಆ ಸಣ್ಣ ಪಾಯಲಿ ಇತ್ತು.

"ಇದು ನಮ್ಮಪ್ಪ ಮಾಡಿಸಿದ್ದು" ಎಂದ. "ನಿನ್ನಷ್ಟು ಇದ್ದಾಗ ನಾನೂ ಕೇಳಿದ್ದೆ, ಎರಡು ಯಾಕ ಅವ ಅಂತ."

"ಅಜ್ಜ ಏನಂದ?"

"ಕಪಾಳಕ್ಕ ಹೊಡದ." ಪಾಯಲಿಯನ್ನು ಕೈಯಲ್ಲಿ ತಿರುಗಿಸಿದ. "ಆಮ್ಯಾಲ ಕೇಳಲಿಲ್ಲ ನಾ."

ಅಷ್ಟೇ ಹೇಳಿದ. ಪಾಯಲಿಯನ್ನು ಅವ್ವನ ಕೈಗೆ ಕೊಟ್ಟು ಉಪ್ಪು ತುಂಬಿಡಲು ಹೇಳಿದ. ಔರಾದಿನಿಂದ ಮೊಹರಿನ ಹೊಸ ಪಾಯಲಿ ಬಂತು, ಕೊಡುವುದಕ್ಕೂ ತಗೊಳ್ಳುವುದಕ್ಕೂ ಅದೊಂದೇ. ಅಪ್ಪ ಸಂತನಾದ ಎಂದು ನಾನು ಹೇಳುತ್ತಿಲ್ಲ. ಅವನ ಬೇರೆ ಪಾಟೀಲಕಿಯೆಲ್ಲ ಹಾಗೆಯೇ ನಡೆಯಿತು. ಆದರೆ ಆ ವರ್ಷದಿಂದ ನಮ್ಮ ಅಂಗಳದಲ್ಲಿ ನಾಲ್ಕು ಸೇರಿಗೇ ಒಂದು ಪಾಯಲಿ. ಕಾಶಮ್ಮನ ಅವ್ವ ಮಾತ್ರ "ಸಗಣಿ ಹಚ್ಚಿ ಹಚ್ಚಿ ಕಡೀಕ ಪುಟ್ಟಿ ಸೋರೋದು ನಿಂತದ ನೋಡ್ರಿ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಕಾಶಮ್ಮ ಎಷ್ಟು ಹೇಳಿದರೂ ಒಪ್ಪಲಿಲ್ಲ.

ಮುಂದಿನ ಆರು ತಿಂಗಳು ನಾವು ಮಾಸ್ತರರಿಗೆ ಮಾಸ್ತರರಾದೆವು. ನಾನು ಎಲ್ಲರಿಗೂ ಅಕ್ಷರ ಹೇಳಿಕೊಟ್ಟೆ, ಅವರೂ ಸ್ಲೇಟು ಹಿಡಿದು ನಮ್ಮ ನಡುವೆ ಕುಳಿತು ಕನ್ನಡ ತಿದ್ದಿದರು. ತಪ್ಪು ಬರೆದಾಗ ಕಾಶಮ್ಮ "ಯಾಕ ಅಷ್ಟು?" ಎಂದು ಅವರ ಧ್ವನಿಯಲ್ಲೇ ಕೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಬೀದರಿಗೆ ಹೋಗಿ ಪರೀಕ್ಷೆ ಬರೆದು ಪಾಸಾಗಿ ಬಂದರು. ಊರಿಗೆಲ್ಲ ಪೇಢೆ ಹಂಚಿದರು. ನಮ್ಮ ಮನೆಗೂ ತಂದರು. ಅಪ್ಪ ಒಂದು ತೆಗೆದುಕೊಂಡ, ಮಾಸ್ತರು ಇನ್ನೊಂದನ್ನು ಬಲವಂತ ಮಾಡಿ ಕೈಯಲ್ಲಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕನ್ನಡ ಬಂದ ಮೇಲೆ ನಮ್ಮ ಮಾಸ್ತರು ಕೆಟ್ಟರು! ಹೌದು. ಹೇಳಲು ಶುರು ಮಾಡಿದರು. ಹೊಸ ಅಂಗಿ ತೊಟ್ಟವರ ಹಾಗೆ ಹೊಸ ಭಾಷೆಯನ್ನು ತೊಟ್ಟು, ಅರ್ಥ ಬರೆಸಿದರು, ಕೋಷ್ಟಕ ಬಾಯಿಪಾಠ ಮಾಡಿಸಿದರು, ದಿನವಿಡೀ ಭಾಷಣ. ಹುಣಸೆ ಬೀಜ ಮೂಲೆ ಸೇರಿತು. ನಮಗೆ ನಿದ್ದೆ ಬರತೊಡಗಿತು.

ಒಂದು ತಿಂಗಳು ತಡೆದ ಕಾಶಮ್ಮ ಒಂದು ದಿನ ಎದ್ದು ನಿಂತಳು. "ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಿಮಗ ಕನ್ನಡ ಬರಲಾರದಾಗ ಚೊಲೊ ಕಲಸ್ತಿದ್ರಿ."

ಮಾಸ್ತರು ಅವಳನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೈಯಲ್ಲಿದ್ದ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಕೇಳಿದರು. "ಯಾಕ?"

ಭಾಲ್ಕಿಯ ಹಾಲಿನಲ್ಲಿ ಇದನ್ನೆಲ್ಲ ನೆನೆಯುತ್ತ ಕುಳಿತವಳ ಮುಂದೆ ನಾಲ್ಕು ಗಂಟೆಗೆ ಒಂದು ಹಾಳೆ ಬಂತು. ಟ್ರೈನಿಂಗ್ ಮುಗಿಯುವ ಮುಂಚೆ ಎಲ್ಲರಿಗೂ ಪರೀಕ್ಷೆಯಂತೆ. ಆ ಒಳ್ಳೆಯ ಹುಡುಗ "ಅಜ್ಜಿ, ನೀವೂ ಬರೆಯಿರಿ" ಎಂದು ಪೆನ್ನು ಕೊಟ್ಟ. ಮೊದಲ ಪ್ರಶ್ನೆ ಹೀಗಿತ್ತು. 'ಸಂರಚನಾವಾದ ಎಂದರೇನು? ಕೆಳಗಿನ ನಾಲ್ಕರಲ್ಲಿ ಸರಿಯಾದ ಉತ್ತರಕ್ಕೆ ಗುರುತು ಹಾಕಿ.'

ಮುಂದಿನ ಬೆಂಚಿನಲ್ಲಿ ಸುಮಾ ಗುರುತು ಹಾಕುತ್ತಿದ್ದಳು. ಅವಳ ತಪ್ಪಲ್ಲ. ಸೋಮವಾರ ಅವಳು ಶಾಲೆಗೆ ಹೋಗಿ ಮಕ್ಕಳಿಂದ ಯೋಚನೆ ಮಾಡಿಸಬೇಕು, ವರ್ಷದ ಕೊನೆಗೆ ಅದೇ ಮಕ್ಕಳಿಂದ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿಸಬೇಕು. ಕೊಡೋ ಪಾಯಲಿ ಒಂದು, ತಗೋಳೋ ಪಾಯಲಿ ಒಂದು. ನಾನು ನಾಲ್ಕೂ ಉತ್ತರ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಕಾಶಮ್ಮ ಸಾಹೇಬರಿಗೆ ಕೇಳಿದ ಪ್ರಶ್ನೆ ಬರೆದು ಹಾಳೆ ಕೊಟ್ಟೆ.

ಕಣ್ಣಿನ ಡಾಕ್ಟರ ಹತ್ತಿರ ಸರದಿ ಕಾಯುವಾಗ ಸುಮಾ ಫೋನ್ ನೋಡಿ ನಕ್ಕಳು. "ಅಜ್ಜಿ, ರಿಸಲ್ಟ್ ಬಂದದ. ನಿನಗ ಸೊನ್ನಿ."

ಬರಲಿ ಬಿಡಿ. ಆದರೆ ಅಳೆದದ್ದು ಯಾರ ಮನಿ ಪಾಯಲಿಯಿಂದ?